ಗೊಬ್ಬರದ ಗೋದಾಮಿನಾಗ ಮೊದಲ ರೆಕಾರ್ಡ್

"ಅಕ್ಕಾ, ನಾಕು ಹಾಡು ಕಳಿಸೀನಿ. ಇಯರ್‌ಫೋನ್ ಹಾಕ್ಕೊಂಡು ಕೇಳು. ಬಿಡುಗಡೆ ಮಾಡ್ಲೋ ಬ್ಯಾಡೋ, ಒಂದ್ ಮಾತು ಹೇಳು."

ಕಾಕಾನ ಮಗನ ಮೆಸೇಜು ಇಷ್ಟೇ. ಅವನಿಗೆ ಕೊಟ್ಟ ಉತ್ತರವನ್ನೇ ಈ ವಾರ ನಿಮಗೂ ಹೇಳುತ್ತೇನೆ. ಯಾಕಂದ್ರೆ ನಿಮ್ಮ ಮನೆಯಲ್ಲೂ ಇಂಥ ಒಬ್ಬ ತಮ್ಮನೋ ತಂಗಿಯೋ ಇರಬಹುದು. ಲ್ಯಾಪ್‌ಟಾಪಿನ ಯಾವುದೋ ಫೋಲ್ಡರಿನಲ್ಲಿ ಅವರ ಹಾಡು ಎರಡು ವರ್ಷದಿಂದ ಮಲಗಿರಬಹುದು.

ಬ್ಯಾಂಡಿನಲ್ಲಿ ಮೂವರು. ನಮ್ಮವನು ಸಿಂಧನೂರು, ಗಿಟಾರು ಮತ್ತು ಹಾಡುಗಾರಿಕೆ ಅವನದು. ಡ್ರಮ್ಸ್ ಹುಡುಗ ಮಸ್ಕಿಯವನು, ಬೇಸ್ ಗಿಟಾರಿನವನು ಲಿಂಗಸುಗೂರಿನವನು. ಮೂವರೂ ಎಂಜಿನಿಯರಿಂಗ್ ಓದುವಾಗ ಒಂದೇ ಹಾಸ್ಟೆಲಿನಲ್ಲಿದ್ದರು. ಬ್ಯಾಂಡಿಗೆ ಹೆಸರು ಇನ್ನೂ ಇಟ್ಟಿಲ್ಲ, ಅದರ ಬಗ್ಗೆ ಜಗಳ ನಡೆದಿದೆ. ರೆಕಾರ್ಡ್ ಮಾಡಿದ್ದು ಕಾಕಾನ ಗೊಬ್ಬರದ ಗೋದಾಮಿನಲ್ಲಿ. ಬೇಸಿಗೆಯಲ್ಲಿ ಅದು ಖಾಲಿ ಬಿದ್ದಿರುತ್ತೆ. ತಗಡಿನ ಚಾವಣಿ, ಸಿಮೆಂಟಿನ ನೆಲ. ಒಂದು ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಯಿಂದ ಗೋಡೆಗೆ ಅಡ್ಡಾಡಿ ಸುಸ್ತಾದ ಮೇಲೇ ಸುಮ್ಮನಾಗೋದು.

ಕಾಕಾ ಹಾಡು ಕೇಳಿ ಹೇಳಿದ್ದು ಇದು: "ಬಾರಸೋದು ಚೊಲೋ ಬಾರಿಸ್ಯಾರ. ಆದ್ರ ಏನ್ ಹಾಡಾಕತ್ತಾರ ಅನ್ನೂದ ತಿಳಿವಲ್ದು. ಮೈಕ್ ಏನರ ಕೆಟ್ಟೈತೇನು?"

ಮೈಕ್ ಕೆಟ್ಟಿಲ್ಲ. ಹುಡುಗರು ಮಾಡಿರೋ ಸಂಗೀತವೇ ಅಂಥದ್ದು. ಅದರ ಹೆಸರು ಶೂಗೇಜ್.

ಬೂಟು ದಿಟ್ಟಿಸುವವರು

ಹೆಸರು ಹುಟ್ಟಿದ್ದೇ ಗೇಲಿಯಿಂದ. 1990ರ ಆಸುಪಾಸು ಬ್ರಿಟನ್ನಿನಲ್ಲಿ ಕೆಲವು ಹೊಸ ಬ್ಯಾಂಡುಗಳು ಬಂದವು. ವೇದಿಕೆಯ ಮೇಲೆ ಇವರು ಕುಣಿಯೋದಿಲ್ಲ, ಜನರ ಮುಖ ನೋಡೋದಿಲ್ಲ, ತಲೆ ತಗ್ಗಿಸಿ ನಿಂತಿರುತ್ತಾರೆ. ಕಾಲ ಕೆಳಗೆ ಸಾಲಾಗಿ ಪೆಡಲುಗಳಿದ್ದವು, ಯಾವುದನ್ನು ಯಾವಾಗ ಒತ್ತಬೇಕು ಅಂತ ನೋಡಲೇಬೇಕಲ್ಲ! ಸಂಗೀತ ಪತ್ರಿಕೆಗಳು "ಇವರು ತಮ್ಮ ಬೂಟು ತಾವೇ ನೋಡ್ಕೊಂಡು ನಿಲ್ಲೋರು" ಅಂತ ಕಾಲೆಳೆದವು. ಬೈಗುಳವೇ ಕೊನೆಗೆ ಒಂದು ಸಂಗೀತ ಪ್ರಕಾರದ ಹೆಸರಾಯಿತು.

ಆ ಪೆಡಲುಗಳ ಕೆಲಸ ಸರಳವಾಗಿ ಹೇಳಬೇಕಂದ್ರೆ ಹೀಗೆ. ಒಂದು ಪೆಡಲು ಗಿಟಾರಿನ ಸ್ವರವನ್ನು ಒರಟು ಮಾಡುತ್ತೆ, ಹಳೇ ರೇಡಿಯೋ ಗರಗರ ಅಂದಹಾಗೆ. ಅದು ಡಿಸ್ಟಾರ್ಷನ್. ಇನ್ನೊಂದು ಅದೇ ಸ್ವರವನ್ನು ಸ್ವಲ್ಪ ತಡೆದು ಮತ್ತೆ ಮತ್ತೆ ಕೇಳಿಸುತ್ತೆ. ಅದು ಡಿಲೇ. ಮತ್ತೊಂದು ಆ ಸ್ವರವನ್ನು ಗುಡಿಯ ಪ್ರಾಂಗಣದಲ್ಲೋ ಬಾವಿಯೊಳಗೋ ಇಟ್ಟಹಾಗೆ ಮಾಡುತ್ತೆ. ಅದು ರಿವರ್ಬ್. ಮೂರನ್ನೂ ಒಂದರ ಮೇಲೊಂದು ಹಾಕಿ, ಎರಡು ಮೂರು ಗಿಟಾರು ಸೇರಿಸಿದರೆ ಒಂದೊಂದು ತಂತಿಯ ಸದ್ದು ಬೇರೆಬೇರೆಯಾಗಿ ಕೇಳೋದಿಲ್ಲ. ಆಷಾಢದ ಮೋಡದ ಹಾಗೆ ಒಂದೇ ದೊಡ್ಡ ಹರವು.

ಇನ್ನು ದನಿ. ನಮ್ಮ ಸಿನಿಮಾ ಹಾಡಿನಲ್ಲಿ ಗಾಯಕರ ದನಿ ಎಲ್ಲಕ್ಕಿಂತ ಮುಂದೆ ನಿಂತಿರುತ್ತೆ, ವಾದ್ಯಗಳು ಹಿಂದೆ. ಶೂಗೇಜ್‌ನಲ್ಲಿ ದನಿಯನ್ನು ಬೇಕಂತಲೇ ವಾದ್ಯಗಳ ಮಟ್ಟಕ್ಕೆ ಇಳಿಸುತ್ತಾರೆ. ಅದು ಇನ್ನೊಂದು ವಾದ್ಯ ಆಗುತ್ತೆ. ಪದ ಅರ್ಧ ಕೇಳುತ್ತೆ, ಅರ್ಧ ಕೇಳೋದಿಲ್ಲ.

ಈ ಪ್ರಕಾರದ ಬಗ್ಗೆ ಯಾರೇ ಮಾತಾಡಿದರೂ ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡಿನ ‘ಲವ್‌ಲೆಸ್’ ಹೆಸರು ಬಂದೇ ಬರುತ್ತೆ. 1991ರ ನವೆಂಬರಿನಲ್ಲಿ ಬಂದ ಆ ಆಲ್ಬಂಗೆ ಸುಮಾರು ಎರಡು ವರ್ಷ ಹಿಡಿಯಿತು, 19 ಸ್ಟುಡಿಯೋ ತಿರುಗಿದರು. ನಮ್ಮ ಹುಡುಗರ ಹತ್ತಿರ ಇದ್ದದ್ದು ಒಂದು ಸೆಕೆಂಡ್ ಹ್ಯಾಂಡ್ ಪೆಡಲು, ಒಂದು ಲ್ಯಾಪ್‌ಟಾಪು, ಒಂದು ಗೋದಾಮು. ರಿವರ್ಬ್ ಮಾತ್ರ ಕಾಕಾನ ತಗಡಿನ ಚಾವಣಿ ಪುಕ್ಕಟೆ ಕೊಟ್ಟಿತು!

ಇದು ನಮ್ಮದಲ್ಲ ಅನ್ನೋರಿಗೆ

"ಇದೆಲ್ಲಾ ಫಾರಿನ್ ಹುಚ್ಚು, ನಮ್ಮ ಭಾಗಕ್ಕೇನು ಸಂಬಂಧ?" ಅಂತ ಮನೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. ಕೇಳಲಿ. ಉತ್ತರ ಲಿಂಗಸುಗೂರು ತಾಲ್ಲೂಕಿನಲ್ಲೇ ಇದೆ.

ಮುದಗಲ್ಲಿನ ಮೊಹರಂ ನೋಡಿದವರಿಗೆ ಗೊತ್ತು. ಜಾತಿ ಧರ್ಮ ಅನ್ನದೆ ಜನ ಸೇರುತ್ತಾರೆ. ಹಲಗೆ ಬಾರಿಸುವ ಸದ್ದು, ಅಲಾಯಿ ಕುಣಿಯುವ ಕಾಲುಗಳು, ನಡುವೆ ರಿವಾಯತ್ ಪದ. ಗುಂಪಿನ ಹೊರಗೆ ನಿಂತವರಿಗೆ ಆ ಪದದ ಪ್ರತಿ ಮಾತೂ ಕೇಳೋದಿಲ್ಲ. ಒಂದು ಹೆಸರು, ಒಂದು ಸಾಲಿನ ಕೊನೆ, ಒಂದು ಎಳೆತ. ಆದರೂ ಎದೆಯೊಳಗೆ ಏನೋ ಹಿಡಿದುಕೊಳ್ಳುತ್ತೆ. "ಪದ ತಿಳಿಲಿಲ್ಲ, ಮೈಕ್ ಸರಿ ಮಾಡ್ರಿ" ಅಂತ ಅಲ್ಲಿ ಯಾರೂ ಅನ್ನೋದಿಲ್ಲ.

ತತ್ವಪದ ಹಾಡುವವರ ಏಕತಾರಿಯನ್ನೂ ನೆನೆಸಿಕೊಳ್ಳಿ. ಒಂದೇ ತಂತಿ, ಒಂದೇ ಸ್ವರ, ರಾತ್ರಿಯಿಡೀ. ಹಾಡುವವರು ಆ ಸ್ವರದೊಳಗೆ ಕೂತು ಹಾಡುತ್ತಾರೆ. ಶ್ರುತಿ ನಿಂತರೆ ಪದಕ್ಕೆ ನೆಲವೇ ಇಲ್ಲ. ಗಿಟಾರಿನ ಮೋಡದೊಳಗೆ ದನಿಯನ್ನು ಕೂರಿಸುವವರು ಮಾಡುತ್ತಿರುವುದು ಇದಕ್ಕೆ ತೀರಾ ದೂರದ್ದೇನಲ್ಲ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ತತ್ವಪದದಲ್ಲಿ ಮಾತೇ ಪ್ರಾಣ, ಇಲ್ಲಿ ಹಾಗಿಲ್ಲ. ಆದರೆ ನಮ್ಮ ಕಿವಿಗೆ ಈ ಅಭ್ಯಾಸ ಮೊದಲಿನಿಂದಲೂ ಇದೆ.

ವಾದ್ಯ ಪರದೇಶದ್ದು ಅನ್ನೋದೂ ಒಂದು ತಕರಾರು. ಕ್ಲಾರಿಯೋನೆಟ್ ಎಲ್ಲಿಯದು? ಯುರೋಪಿನದು. ಅದರಲ್ಲಿ ಹಿಂದುಸ್ತಾನಿ ರಾಗ ನುಡಿಸಿ ದೇಶಕ್ಕೆಲ್ಲ ಹೆಸರಾದವರು ನಮ್ಮದೇ ರಾಯಚೂರು ಜಿಲ್ಲೆಯ ಪಂಡಿತ ನರಸಿಂಹಲು ವಡವಾಟಿ. ವಾದ್ಯ ಯಾವ ದೇಶದ್ದು ಅನ್ನೋದಕ್ಕಿಂತ ಅದನ್ನು ಯಾರು, ಎಷ್ಟು ವರ್ಷ ನುಡಿಸಿದರು ಅನ್ನೋದು ದೊಡ್ಡದು.

ಇಪ್ಪತ್ತರ ಹುಡುಗರ ಒಂದು ರೆಕಾರ್ಡು

ನಮ್ಮವನ ನಿಜವಾದ ಹೆದರಿಕೆ ಬೇರೆ. "ಯಾರೂ ಕೇಳ್ಲಿಲ್ಲ ಅಂದ್ರ? ಕೇಳಿ ನಕ್ರ?"

ಅವನಿಗೆ ಸ್ಲೋಡೈವ್ ಕಥೆ ಹೇಳಿದೆ.

ರೆಡಿಂಗ್ ಅನ್ನೋದು ಲಂಡನ್ನಿನಿಂದ ರೈಲಿನಲ್ಲಿ ಒಂದು ತಾಸಿನೊಳಗೆ ತಲುಪುವ ಊರು. ಅಲ್ಲಿನ ನೀಲ್ ಹಾಲ್‌ಸ್ಟೆಡ್ ಮತ್ತು ರೇಚಲ್ ಗಾಸ್ವೆಲ್ ಚಿಕ್ಕಂದಿನ ಗೆಳೆಯರು. 1989ರಲ್ಲಿ ಬ್ಯಾಂಡ್ ಕಟ್ಟಿದರು. ಇನ್ನೊಬ್ಬ ಗಿಟಾರ್ ವಾದಕಿ ಬೇಕು ಅಂತ ಜಾಹೀರಾತು ಕೊಟ್ಟರೆ ಉತ್ತರ ಬರೆದದ್ದು ಕ್ರಿಶ್ಚಿಯನ್ ಸ್ಯಾವಿಲ್ ಎಂಬ ಹುಡುಗ. ಬೇಕಾದರೆ ಹೆಂಗಸರ ಡ್ರೆಸ್ ಹಾಕಿಕೊಳ್ಳಲೂ ಸಿದ್ಧ ಅಂತ ಬರೆದಿದ್ದನಂತೆ. ತೆಗೆದುಕೊಂಡರು! ಕ್ರಿಯೇಷನ್ ಎಂಬ ಕಂಪನಿ ಅವರ ಕೈ ಹಿಡಿಯಿತು. ಮೊದಲು ಬಂದ ಚಿಕ್ಕ ರೆಕಾರ್ಡುಗಳನ್ನು ಪತ್ರಿಕೆಗಳು ಹೊಗಳಿದವು. ಪೂರ್ತಿ ಆಲ್ಬಂಗೆ ಸ್ಟುಡಿಯೋ ಹೊಕ್ಕಾಗ ಅವರ ಹತ್ತಿರ ಸಾಕಷ್ಟು ಹಾಡುಗಳೇ ಇರಲಿಲ್ಲ. ಅಲ್ಲೇ ಕೂತು ಬರೆದರು. ‘ಜಸ್ಟ್ ಫಾರ್ ಎ ಡೇ’ 1991ರ ಸೆಪ್ಟೆಂಬರಿನಲ್ಲಿ ಬಂತು. ನೀಲ್, ರೇಚಲ್ ಇಬ್ಬರಿಗೂ ಆಗ ಇಪ್ಪತ್ತು ವರ್ಷ.

ಆ ಹೊತ್ತಿಗೆ ಗಾಳಿ ತಿರುಗಿತ್ತು. ಹೊಗಳಿದ್ದ ಪತ್ರಿಕೆಗಳೇ ತೆಗಳಲು ಶುರುಮಾಡಿದವು. ಅದೇ ತಿಂಗಳು ಅಮೆರಿಕದಿಂದ ನಿರ್ವಾನಾ ಬ್ಯಾಂಡಿನ ‘ನೆವರ್‌ಮೈಂಡ್’ ಬಂತು, ಎಲ್ಲರ ಕಿವಿ ಆ ಕಡೆ ಹೋಯಿತು. ಸ್ಲೋಡೈವ್ 1993ರಲ್ಲಿ ‘ಸೂವ್ಲಾಕಿ’, 1995ರಲ್ಲಿ ‘ಪಿಗ್ಮೇಲಿಯನ್’ ಕೊಟ್ಟಿತು. ಮೂರನೆಯದು ಬಂದ ಸ್ವಲ್ಪ ದಿನಕ್ಕೇ ಕಂಪನಿ ಅವರನ್ನು ಕೈಬಿಟ್ಟಿತು. ಬ್ಯಾಂಡ್ ಮುಗಿಯಿತು.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಹೇಳುತ್ತಲೇ ಇರಲಿಲ್ಲ. 2014ರಲ್ಲಿ ಅವರು ಮತ್ತೆ ಒಟ್ಟಾಗಿ ಬಾರ್ಸಿಲೋನಾದ ಪ್ರಿಮಾವೆರಾ ಸೌಂಡ್ ಉತ್ಸವದಲ್ಲಿ ನುಡಿಸಿದರು. 22 ವರ್ಷಗಳ ನಂತರ, 2017ರಲ್ಲಿ ನಾಲ್ಕನೇ ಆಲ್ಬಂ ಬಂತು. 2023ರಲ್ಲಿ ಬಂದ ‘ಎವ್ರಿಥಿಂಗ್ ಈಸ್ ಅಲೈವ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ನಿಂತಿತು, ಅವರಿಗೆ ಅದೇ ಮೊದಲ ಸಲ. ಈಗ ಅವರ ಹಾಡು ಹುಡುಕಿ ಕೇಳುವವರಲ್ಲಿ ಅರ್ಧಕ್ಕರ್ಧ ಜನ ಆ ಮೊದಲ ರೆಕಾರ್ಡು ಬಂದಾಗ ಹುಟ್ಟೇ ಇರಲಿಲ್ಲವೇನೋ. ಫೋನಿನ ಚಿಕ್ಕ ಚಿಕ್ಕ ವಿಡಿಯೋಗಳಲ್ಲಿ ಕೇಳಿ ಹಿಂದಕ್ಕೆ ಹೋದವರು.

ಬಿಟ್ಟ ರೆಕಾರ್ಡೆಲ್ಲಾ ಒಂದಿನ ಗೆಲ್ಲುತ್ತೆ ಅಂತ ಇದರಿಂದ ನಾನು ಹೇಳೋದಿಲ್ಲ. ಬಹಳಷ್ಟು ಗೆಲ್ಲೋದಿಲ್ಲ. ನಾನು ಹೇಳೋದು ಇಷ್ಟು: 1991ರಲ್ಲಿ "ಇನ್ನೂ ಸರಿಯಾಗಲಿ, ಆಮೇಲೆ ಬಿಡೋಣ" ಅಂತ ಅವರು ಕೂತಿದ್ದರೆ 2014ರಲ್ಲಿ ವಾಪಸ್ ಬರಲು ಏನೂ ಇರುತ್ತಿರಲಿಲ್ಲ. ಕೇಳುವವರು ತಡವಾಗಿ ಬರಬಹುದು. ಬಂದಾಗ ಹಾಡು ಅಲ್ಲಿರಬೇಕು.

ಕನ್ನಡದಲ್ಲಿ ಇದಕ್ಕೆ ಜಾಗ ಇದೆಯಾ?

ನಮ್ಮ ರಾಜ್ಯದಲ್ಲಿ ಈ ಕಡೆ ಹೆಜ್ಜೆ ಹಾಕಿದವರು ಇಲ್ಲದೇ ಇಲ್ಲ. ಬೆಂಗಳೂರಿನ ಲೌಂಜ್ ಪಿರಾನ್ಹಾ ಬ್ಯಾಂಡಿನ ಮೊದಲ ಆಲ್ಬಂ ‘ಗೋಯಿಂಗ್ ನೋವೇರ್’ ಬಂದದ್ದು 2008ರಲ್ಲಿ. ಅವರದ್ದನ್ನು ಪೋಸ್ಟ್-ರಾಕ್ ಅನ್ನುತ್ತಾರೆ. ಶೂಗೇಜ್‌ನ ಪಕ್ಕದ ಮನೆ ಅನ್ನಿ. ಹಾಡು ಇಂಗ್ಲಿಷಿನಲ್ಲಿ. ಅದರಲ್ಲಿ ಡ್ರಮ್ಸ್ ನುಡಿಸಿದ ಜಾರ್ಜ್ ಮಾಥನ್ ಅವರನ್ನು ಕಾಮಿಕ್ಸ್ ಓದುವವರು ‘ಅಪ್ಪುಪೆನ್’ ಎಂಬ ಹೆಸರಿನಿಂದ ಬಲ್ಲರು. ಅದೇ 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂತು. ಶಿಶುನಾಳ ಷರೀಫರ ಪದ ಗಿಟಾರಿನ ಜೊತೆ ಊರೂರು ತಿರುಗಿತು.

ಎರಡೂ ಬೇರೆ ಬೇರೆ ದಾರಿ. ಒಂದರಲ್ಲಿ ಸದ್ದು ಮುಂದೆ, ಭಾಷೆ ಇಂಗ್ಲಿಷು. ಇನ್ನೊಂದರಲ್ಲಿ ಕನ್ನಡ, ದನಿ ಎದೆಯುಬ್ಬಿಸಿ ಮುಂದೆ. ನಮ್ಮ ಹುಡುಗರು ಹಿಡಿದಿರುವುದು ಮೂರನೆಯದು: ಸಿಂಧನೂರು ಕಡೆಯ ಕನ್ನಡ, ಆದರೆ ಸದ್ದಿನೊಳಗೆ ಮುಳುಗಿದ ಕನ್ನಡ. "ಹೊಂಟೀನಿ", "ಬರವಲ್ದು", "ಒಲ್ಲೆ" ಎಂಬ ಮಾತುಗಳು ಗಿಟಾರಿನ ಮಧ್ಯೆ ಒಂದು ಸಲ ತೇಲಿ ಬಂದು ಮುಳುಗುತ್ತವೆ. ಇದು ನನಗೆ ಹೊಸದಾಗಿ ಕೇಳಿಸಿತು. ನಮ್ಮ ಭಾಗದ ಮಾತನ್ನು ಸಿನಿಮಾದವರು ನಗಿಸಲಿಕ್ಕೆ ಬಳಸಿದ್ದೇ ಹೆಚ್ಚು. ಇಲ್ಲಿ ಯಾರೂ ನಗಿಸುತ್ತಿಲ್ಲ.

ಹಾಗಾದರೆ ನಾಲ್ಕೂ ಹಾಡು ಚೆನ್ನಾಗಿವೆಯೇ? ಇಲ್ಲ. ಅವನಿಗೂ ಹೇಳಿದೆ. ನಾಲ್ಕನೆಯದು ಇಂಗ್ಲಿಷಿನಲ್ಲಿದೆ, ಯಾವುದೋ ಬ್ಯಾಂಡಿನ ನಕಲಿನಂತಿದೆ. ಅದನ್ನು ಬಿಡಬೇಕು. ಮೊದಲನೆಯದರಲ್ಲಿ ಡ್ರಮ್ಸ್ ಸ್ವಲ್ಪ ಜಾಸ್ತಿ ಮುಂದೆ ಬಂದಿದೆ, ಇಳಿಸಬೇಕು. ಎರಡನೆಯದರ ಕೊನೆಗೆ ಪಕ್ಕದ ರೈಸ್ ಮಿಲ್ಲಿನ ಗುಂಯ್ ಅನ್ನೋ ಸದ್ದು ಸೇರಿಕೊಂಡಿದೆ. ಸಾಫ್ಟ್‌ವೇರ್ ಹಾಕಿ ತೆಗೀತೀನಿ ಅಂದ. ತೆಗೀಬ್ಯಾಡ ಅಂದೆ. ಭತ್ತದ ಸುಗ್ಗಿ ಮುಗಿದ ಮೇಲೆ ಸಿಂಧನೂರಿನ ರಾತ್ರಿ ಹೇಗಿರುತ್ತೆ ಅಂತ ಆ ಇಪ್ಪತ್ತು ಸೆಕೆಂಡಿನಲ್ಲಿ ಇದೆ. ಯಾವ ಪೆಡಲೂ ಅದನ್ನು ಕೊಡೋದಿಲ್ಲ.

ಬಿಡುವ ಮೊದಲು ನಾಕು ಕೆಲಸ

ಮೊದಲನೇದು, ಹೆಸರು. ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಹಾಡನ್ನು ನೀವೇ ನೇರವಾಗಿ ಹಾಕಲು ಸಾಮಾನ್ಯವಾಗಿ ಆಗೋದಿಲ್ಲ. ಡಿಸ್ಟ್ರಿಬ್ಯೂಟರ್ ಕಂಪನಿಗಳ ಮೂಲಕ ಹೋಗಬೇಕು. ಕೆಲವರು ವರ್ಷಕ್ಕಿಷ್ಟು ಅಂತ ಶುಲ್ಕ ತಗೊಳ್ಳುತ್ತಾರೆ, ಕೆಲವರು ಗಳಿಕೆಯಲ್ಲಿ ಪಾಲು. ಅಲ್ಲಿ ಫಾರಂ ತುಂಬುವಾಗ ಬರೆದವರು ಯಾರು, ಸಂಗೀತ ಯಾರದ್ದು, ನುಡಿಸಿದವರು ಯಾರು ಅಂತ ಕೇಳುತ್ತಾರೆ. ಅವಸರದಲ್ಲಿ ಎಲ್ಲಾ ಕಡೆ ಒಂದೇ ಹೆಸರು ಹಾಕಬೇಡಿ, ಖಾಲಿಯೂ ಬಿಡಬೇಡಿ. ಮಸ್ಕಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತಾ ಬಂದ ಬೀಡನ್ ಎಂಬ ಎಂಜಿನಿಯರಿಗೆ ಅಲ್ಲಿ ಬಂಡೆಗಲ್ಲಿನ ಶಾಸನ ಸಿಕ್ಕಿತು. ಅದುವರೆಗೆ ಸಿಕ್ಕ ಅಂಥ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇತ್ತು, ಅಶೋಕ ಎಂಬ ಹೆಸರಿರಲಿಲ್ಲ. ಮಸ್ಕಿಯ ಕಲ್ಲಿನಲ್ಲಿ ಹೆಸರಿತ್ತು. ಚಕ್ರವರ್ತಿಯ ಗುರುತಿಗೇ ಒಂದು ಕಲ್ಲಿನ ಮೇಲಿನ ಹೆಸರು ಬೇಕಾಯಿತು ಅಂದಮೇಲೆ ಬೇಸ್ ಗಿಟಾರಿನವನ ಹೆಸರು ಬಿಡೋದು ನ್ಯಾಯವೇ?

ಎರಡನೇದು, ಕಾಗದ. ಗೆಳೆಯರ ನಡುವೆ ಕಾಗದ ಯಾಕೆ ಅನ್ನಬೇಡಿ. ನಮ್ಮ ಕಾನೂನಿನಲ್ಲಿ ಸಾಹಿತ್ಯ ಬರೆದವರ ಹಕ್ಕು ಬೇರೆ, ಸಂಗೀತ ಕಟ್ಟಿದವರ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ರೆಕಾರ್ಡಿಂಗಿನ ಹಕ್ಕು ಬಿಡುಗಡೆಯ ನಂತರ 60 ವರ್ಷ ಇರುತ್ತೆ. ಯಾರ ಪಾಲು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿ. ಬರೆದವರು, ಸಂಗೀತ ಕಟ್ಟಿದವರು ಐಪಿಆರ್‌ಎಸ್ ಸದಸ್ಯರಾಗಬಹುದು, ಅದು ಅವರ ಪಾಲಿನ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆ.

ಮೂರನೇದು, ದುಡ್ಡಿನ ಲೆಕ್ಕ. ಆಸೆ ಇಟ್ಟುಕೊಳ್ಳಬೇಡಿ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರಲ್ಲಿ. 2024ರಿಂದ ಅದರ ನಿಯಮ ಏನೆಂದರೆ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ನೆಂಟರು, ಹಾಸ್ಟೆಲ್ ಗೆಳೆಯರು ಎಲ್ಲಾ ಸೇರಿದರೂ 1000 ದಾಟೋದು ಸಲೀಸಲ್ಲ. ಬ್ಯಾಂಡ್‌ಕ್ಯಾಂಪ್‌ನಂಥ ತಾಣದಲ್ಲೂ ಇಡಿ, ಅಲ್ಲಿ ಮನಸ್ಸಿದ್ದವರು ನೇರವಾಗಿ ದುಡ್ಡು ಕೊಟ್ಟು ಕೊಳ್ಳಬಹುದು.

ನಾಲ್ಕನೇದು, ಮೂಲ ಫೈಲು. ವಾಟ್ಸ್ಯಾಪಿನಲ್ಲಿ ಕಳಿಸಿದ ಎಂಪಿ3 ಮೂಲ ಅಲ್ಲ. ಒಂದೊಂದು ವಾದ್ಯದ ಬೇರೆ ಬೇರೆ ರೆಕಾರ್ಡಿಂಗನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ, ಎರಡು ಮನೆಯಲ್ಲಿ ಇಡಿ. ಐದು ವರ್ಷದ ನಂತರ ಕೈ ಪಳಗಿದಾಗ ಮತ್ತೆ ಮಿಕ್ಸ್ ಮಾಡಬಹುದು.

ಯಾಕೆ ಈಗಲೇ

ಇಷ್ಟೆಲ್ಲಾ ಕೇಳಿ ಅವನು, "ಅಕ್ಕಾ, ಹಂಗಾದ್ರ ಮುಂದಿನ ವರ್ಷ ಸರಿಯಾಗಿ ಸ್ಟುಡಿಯೋದಾಗ ಮಾಡಿ ಬಿಡ್ತೀವಿ" ಅಂದ.

ಮುಂದಿನ ವರ್ಷ ಅನ್ನೋದು ಇಲ್ಲ. ಮಸ್ಕಿಯ ಹುಡುಗನಿಗೆ ಪುಣೆಯಲ್ಲಿ ನೌಕರಿ, ಲಿಂಗಸುಗೂರಿನವನಿಗೆ ಹೈದರಾಬಾದು, ನಮ್ಮವನಿಗೆ ಬೆಂಗಳೂರು. ಮೂವರಿಗೂ ಜುಲೈನಲ್ಲಿ ಜಾಯಿನಿಂಗು. ಮೂರು ಊರಿನ ಮೂರು ಪಿಜಿಗಳಲ್ಲಿ ಡ್ರಮ್ಸ್ ಬಾರಿಸಲು ಯಾವ ಓನರ್ ಬಿಡ್ತಾರೆ? ಗೋದಾಮೂ ಕಾಯೋದಿಲ್ಲ. ಎಡದಂಡೆ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಯೂರಿಯಾ, ಡಿಎಪಿ ಲೋಡು ಬಂದು ಚಾವಣಿವರೆಗೆ ಚೀಲ ಏರುತ್ತೆ. ಚೀಲ ತುಂಬಿದ ಗೋದಾಮಿನಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸತ್ತುಹೋಗುತ್ತೆ.

ಮುಂದೆ ಇವರು ಇದಕ್ಕಿಂತ ಒಳ್ಳೆಯ ರೆಕಾರ್ಡು ಮಾಡಬಹುದು. ಮಾಡದೇ ಇರಬಹುದು. ಆದರೆ ಇಪ್ಪತ್ತೆರಡನೇ ವಯಸ್ಸಿನಲ್ಲಿ, ನೌಕರಿಗೆ ಹೋಗುವ ಮುಂಚೆ, ಖಾಲಿ ಗೋದಾಮಿನಲ್ಲಿ ಮೂವರೂ ಒಟ್ಟಿಗೆ ನುಡಿಸಿದ ರೆಕಾರ್ಡು ಇದೊಂದೇ. ದುಡ್ಡು ಕೊಟ್ಟು ಒಳ್ಳೆ ಸ್ಟುಡಿಯೋ ಹಿಡಿದರೂ ಇದು ಮತ್ತೆ ಸಿಗೋದಿಲ್ಲ.

ಹಿರಿಯರಿಗೂ ಒಂದು ಮಾತು. ಮಕ್ಕಳ ಹಾಡು ನಿಮಗೆ ತಿಳಿಯಲಿಲ್ಲವೇ? ಪರವಾಗಿಲ್ಲ. "ಇದರಿಂದ ಎಷ್ಟು ಬರುತ್ತೆ" ಅಂತ ಮೊದಲ ದಿನವೇ ಕೇಳಬೇಡಿ. "ಎರಡನೇ ಹಾಡಿನ್ಯಾಗ ಏನ್ ಹೇಳೀಯಪಾ" ಅಂತ ಕೇಳಿ ನೋಡಿ. ಕಾಕಾ ಹಾಗೆ ಕೇಳಿದರು. ಹುಡುಗ ಗಿಟಾರಿಲ್ಲದೆ, ಮೆತ್ತಗೆ, ಅಡುಗೆಮನೆ ಬಾಗಿಲಲ್ಲಿ ನಿಂತು ಪೂರ್ತಿ ಹಾಡಿದ. ಊರು ಬಿಟ್ಟು ಹೋಗುವ ಹಾಡು ಅದು. ಚಿಗವ್ವ ಒಲೆ ಸಣ್ಣದು ಮಾಡಿ ಕೇಳಿದಳು. ಕಾಕಾ ಏನೂ ಅನ್ನಲಿಲ್ಲ. ಮರುದಿನ, ಲೋಡು ಬರೋದನ್ನು ಒಂದು ವಾರ ಮುಂದೆ ಹಾಕಿಸೀನಿ ಅಂತ ಮಾತ್ರ ಹೇಳಿದರು.

ಆ ಒಂದು ವಾರದಲ್ಲಿ ಮೊದಲ ಹಾಡಿನ ಡ್ರಮ್ಸ್ ಮತ್ತೆ ರೆಕಾರ್ಡ್ ಆಗುತ್ತಿದೆ. ಮೂರು ಹಾಡು ಬರುತ್ತವೆ. ಹೆಸರಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ನಿಮ್ಮ ಫೋಲ್ಡರಿನಲ್ಲಿ ಮಲಗಿರೋ ಹಾಡು ಯಾವುದು? ಈ ಭಾನುವಾರ ಅದನ್ನು ತೆಗೆದು ಒಮ್ಮೆ ಕೇಳಿ. ಜೊತೆಗೆ ನುಡಿಸಿದವರ ಹೆಸರನ್ನು ಮೊದಲು ಬರೆದಿಡಿ.